ಡೇನಿಯಲ್ ಜೋನ್ಸರ ಇಂಗ್ಲಿಷ್ ಉಚ್ಚಾರಣಕೋಶ: ಒಂದು ವಿಮರ್ಶೆ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಧ್ವನಿಶಾಸ್ತ್ರವನ್ನು ಬೋಧಿಸುತ್ತಿದ್ದ ಡೇನಿಯಲ್ ಜೋನ್ಸರು (1881–1967) ತಮ್ಮ ಇಂಗ್ಲಿಷ್ ಉಚ್ಚಾರಣಕೋಶವನ್ನು 1917ರಲ್ಲಿ ಪ್ರಕಟಿಸಿದರು. ಇಂಗ್ಲಿಷು ಕಲಿಸುವವರು ಸಂದೇಹ ಬಂದಾಗ ಈ ಗ್ರಂಥವನ್ನು ಧರ್ಮಶಾಸ್ತ್ರದಂತೆ ತೆರೆದು ನೋಡುವ ವಾಡಿಕೆಯು ಬಹುಕಾಲದಿಂದ ಬಂದುದು. ಆದರೆ ಗ್ರಂಥಕರ್ತರು ಬರೆಯಹೊರಟುದು ಧರ್ಮಶಾಸ್ತ್ರವನ್ನಲ್ಲ. ಯಾವುದಾದರೊಂದು ಉಚ್ಚಾರಣೆಯನ್ನು ಎಲ್ಲರಿಗೂ ಆದರ್ಶವಾಗಿ ನಿಲ್ಲಿಸುವುದು ಸಾಧ್ಯವೆಂದಾಗಲಿ ಒಳ್ಳೆಯದೆಂದಾಗಲಿ ತಾವು ನಂಬುವುದಿಲ್ಲವೆಂದು ಪೀಠಿಕೆಯಲ್ಲಿಯೇ ಅವರು ತಿಳಿಸಿರುವರು. ದಕ್ಷಿಣ ಇಂಗ್ಲೆಂಡಿನಲ್ಲಿ, ಗಂಡಸರು ದೊಡ್ಡ ವಸತಿಶಾಲೆಗಳಲ್ಲಿ ಓದಿಬಂದ ಕುಟುಂಬಗಳ ಮಾತು ಹೇಗಿರುವುದೆಂದು ದಾಖಲಿಸುವುದಷ್ಟೇ ಅವರ ಉದ್ದೇಶ. ಆ ಮಾತಿಗೆ ಮೊದಲು ‘ಪಬ್ಲಿಕ್ ಸ್ಕೂಲ್ ಪ್ರೊನನ್ಸಿಯೇಷನ್’ ಎಂದು ಹೆಸರಿಟ್ಟಿದ್ದವರು 1926ರ ಆವೃತ್ತಿಯಲ್ಲಿ ಅದನ್ನು ‘ರಿಸೀವ್ಡ್ ಪ್ರೊನನ್ಸಿಯೇಷನ್’ ಎಂದು ಬದಲಾಯಿಸಿದರು. ದಾಖಲೆಯು ವಿಧಿಯಾಗಿ ಪರಿಣಮಿಸಿದುದಕ್ಕೆ ಓದುಗರನ್ನು ಮಾತ್ರ ದೂರುವುದು ನ್ಯಾಯವಲ್ಲ. ಪ್ರತಿಯೊಂದು ಶಬ್ದಕ್ಕೂ ಒಂದು ರೂಪವನ್ನು ಮುಂದಿಟ್ಟು ಉಳಿದವನ್ನು ಕಂಸದೊಳಗೆ ಸೇರಿಸುವ ಪುಸ್ತಕವು, ಪೀಠಿಕೆ ಏನೇ ಹೇಳಲಿ, ಅಪ್ಪಣೆಯ ದನಿಯಲ್ಲಿಯೇ ಮಾತನಾಡುವುದು.

ಈ ಆಕ್ಷೇಪವು ಹಳೆಯದು. ಕನ್ನಡ ವಿದ್ಯಾರ್ಥಿಯ ದೃಷ್ಟಿಯಿಂದ ಇದಕ್ಕಿಂತ ವಿಚಾರಾರ್ಹವಾದ ಕೊರತೆಯೊಂದುಂಟು. ಶಬ್ದದಿಂದ ಶಬ್ದವನ್ನು ಬೇರ್ಪಡಿಸುವ ಭೇದಗಳನ್ನು ಮಾತ್ರ ಜೋನ್ಸರ ಲಿಪಿಯು ಗುರುತಿಸುತ್ತದೆ; ಇಂಗ್ಲಿಷರ ಬಾಯಲ್ಲಿ ತಾನಾಗಿ ಬರುವ ಭೇದಗಳನ್ನು ಬಿಟ್ಟುಬಿಡುತ್ತದೆ. ‘ಪಿನ್’ ಎಂಬಲ್ಲಿ ಪಕಾರದ ಬೆನ್ನಿಗೆ ಉಸಿರಿನ ಸದ್ದು ಹೊರಡುವುದು, ‘ಸ್ಪಿನ್’ ಎಂಬಲ್ಲಿ ಹೊರಡದು. ಕೋಶದಲ್ಲಿ ಎರಡಕ್ಕೂ ಒಂದೇ ಚಿಹ್ನೆ. ಅಲ್ಪಪ್ರಾಣ ಮಹಾಪ್ರಾಣಗಳಿಗೆ ಬೇರೆ ಬೇರೆ ಅಕ್ಷರಗಳನ್ನು ಕಲಿತ ಕನ್ನಡಿಗನಿಗೆ ಇದನ್ನು ತೋರಿಸಿಕೊಟ್ಟಿದ್ದರೆ ಸುಲಭವಾಗಿ ಹಿಡಿಯುತ್ತಿದ್ದನು. ತೋರಿಸದುದರಿಂದ ಆತನು ಎರಡೆಡೆಯೂ ಅಲ್ಪಪ್ರಾಣವನ್ನೇ ನುಡಿಯುವನು. ಇಂಗ್ಲಿಷರ ಕಿವಿಗೆ ಆತನ ‘ಪಿನ್’ ಒಮ್ಮೊಮ್ಮೆ ‘ಬಿನ್’ ಎಂದು ಕೇಳಿಸುವುದು. ‘ಟೀ’ ಎಂಬುದರ ಮೊದಲ ವರ್ಣಕ್ಕೆ ಇಂಗ್ಲಿಷರ ನಾಲಗೆಯ ತುದಿ ಮೇಲುಹಲ್ಲಿನ ಹಿಂದಣ ವಸಡನ್ನು ಮುಟ್ಟಿದರೆ, ಕನ್ನಡದ ಟಕಾರಕ್ಕೆ ಅದು ಇನ್ನೂ ಹಿಂದಕ್ಕೆ ಮಡಿಯುವುದು. ಕೋಶದ ಚಿಹ್ನೆಯನ್ನು ಕಂಡವನು ತನ್ನ ಟಕಾರವನ್ನೇ ಅಲ್ಲಿಟ್ಟು ಮುಂದುವರಿಯುವನು. ಇಂತಹ ವಿವರಗಳನ್ನು ಜೋನ್ಸರು 1918ರ ಧ್ವನಿಶಾಸ್ತ್ರಗ್ರಂಥದಲ್ಲಿ ವಿಸ್ತಾರವಾಗಿ ಕೊಟ್ಟಿರುವರು, ನಿಜ. ಆದರೆ ಕೋಶವನ್ನು ಕೊಂಡವರೆಲ್ಲರೂ ಆ ಗ್ರಂಥವನ್ನೂ ಕೊಂಡವರಲ್ಲ.

ಸ್ವರಗಳ ವಿಷಯದಲ್ಲಿ ಕೋಶವು ಸುಮ್ಮನಿರುವುದಷ್ಟೇ ಅಲ್ಲ, ದಾರಿಯನ್ನೂ ತಪ್ಪಿಸಿತೆನ್ನಬೇಕು. ‘ಶಿಪ್’, ‘ಶೀಪ್’ ಎಂಬೆರಡಕ್ಕೂ ಜೋನ್ಸರು ಒಂದೇ ಸ್ವರಚಿಹ್ನೆಯನ್ನು ಬಳಸಿ, ಎರಡನೆಯದಕ್ಕೆ ದೀರ್ಘದ ಗುರುತನ್ನು ಮಾತ್ರ ಸೇರಿಸಿದರು. ಕನ್ನಡದ ಇಕಾರ ಈಕಾರಗಳ ಭೇದವು ಮುಖ್ಯವಾಗಿ ಮಾತ್ರೆಯದು. ಆದುದರಿಂದ ಕನ್ನಡಿಗನಿಗೆ ಈ ಲಿಪಿಯು ತನ್ನ ಮನೆಯದೇ ಎಂದು ತೋರಿತು. ಇಂಗ್ಲಿಷಿನಲ್ಲಾದರೋ ಮೊದಲನೆಯದು ನಾಲಗೆ ಸಡಿಲವಾಗಿ ಎಕಾರದ ಕಡೆಗೆ ಸರಿದ ಬೇರೊಂದು ಸ್ವರ. ಅಲ್ಲಿ ಮಾತ್ರೆಯನ್ನು ನಂಬುವಂತೆಯೂ ಇಲ್ಲ: ‘ಸೀಟ್’ ಎಂಬುದರ ದೀರ್ಘವು ಟಕಾರದ ಮುಂದೆ ಕುಗ್ಗಿ ‘ಬಿಡ್’ ಎಂಬುದರ ಹ್ರಸ್ವಕ್ಕೆ ಹತ್ತಿರವಾಗುವುದು. ಛಂದಸ್ಸಿನಲ್ಲಿ ಮಾತ್ರೆಗಳನ್ನು ಎಣಿಸಿ ಪಳಗಿದ ಕಿವಿಗೆ ಇದು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಗುಣಭೇದಕ್ಕೆ ಪ್ರತ್ಯೇಕ ಚಿಹ್ನೆಗಳನ್ನು ಎ. ಸಿ. ಗಿಮ್ಸನ್ನರು ಕೋಶದೊಳಗೆ ತಂದುದು 1977ರ 14ನೆಯ ಆವೃತ್ತಿಯಲ್ಲಿ. ಅಷ್ಟರಲ್ಲಿ 60 ವರ್ಷಗಳು ಕಳೆದಿದ್ದವು.

ಇಷ್ಟಾದರೂ ಒಂದು ಗುಣದಿಂದ ಈ ಕೋಶವು ಅಮೂಲ್ಯವಾದುದು. ಆ ಗುಣವೇ ಹೆಚ್ಚಾಗಿ ಅಲಕ್ಷ್ಯಕ್ಕೆ ಗುರಿಯಾಗಿರುವುದು. ಪ್ರತಿ ಶಬ್ದದಲ್ಲಿಯೂ ಒತ್ತು ಎಲ್ಲಿ ಬೀಳುವುದು, ಒತ್ತಿಲ್ಲದೆಡೆ ಸ್ವರವು ಹೇಗೆ ಸೊರಗುವುದು ಎಂಬುದನ್ನು ಜೋನ್ಸರು ಬಿಡದೆ ಗುರುತಿಸಿರುವರು. ‘ಫೋಟೊಗ್ರಾಫ್’ ಎಂಬಲ್ಲಿ ಮೊದಲಿಗೆ ಬಿದ್ದ ಒತ್ತು ‘ಫಟಾಗ್ರಫಿ’ ಎಂಬಲ್ಲಿ ಎರಡನೆಯದಕ್ಕೆ ಜಾರಿ, ಆದಿಯ ಸ್ವರವನ್ನು ಬರಿಯ ಅಕಾರಕ್ಕೆ ಇಳಿಸಿಬಿಡುತ್ತದೆ. ‘ಆ್ಯಂಡ್’ ಎಂಬ ಸಣ್ಣ ಅವ್ಯಯಕ್ಕೆ ಕೂಡ ಅಂಡ್, ಅನ್, ಕೊನೆಗೆ ಬರಿಯ ನಕಾರ ಎಂಬ ದುರ್ಬಲರೂಪಗಳುಂಟು. ಪಾಠಶಾಲೆಗಳಲ್ಲಿ ಟಕಾರ ಥಕಾರಗಳಿಗಾಗಿ ಪಡುವ ಶ್ರಮದ ಅರ್ಧವನ್ನು ಇದಕ್ಕೆ ವಿನಿಯೋಗಿಸಿದರೆ ಹೆಚ್ಚಿನ ಫಲವಿದೆ. ಕನ್ನಡಿಗನ ಇಂಗ್ಲಿಷು ಪರದೇಶದವರಿಗೆ ತಿಳಿಯದೆ ಹೋದಾಗ ಕಾರಣವು ಹಲವೆಡೆ ವರ್ಣವಲ್ಲ, ಸ್ಥಾನ ತಪ್ಪಿದ ಒತ್ತು.

ಈ ಕೋಶಕ್ಕೆ ಹಿಂದಿನದೊಂದು ಗ್ರಂಥವನ್ನು ಇಲ್ಲಿ ಸ್ಮರಿಸಬೇಕು. 1913ರಲ್ಲಿ ಜೋನ್ಸರು ಹೆರ್ಮಾನ್ ಮಿಖಾಯೆಲಿಸರೊಡನೆ ರಚಿಸಿದ ನಿಘಂಟಿನಲ್ಲಿ ಧ್ವನಿರೂಪವು ಮೊದಲು, ಬರೆಹದ ರೂಪವು ಅನಂತರ. ಬಳಕೆಗೆ ಅದು ತೊಡಕಿನದೇ. 1917ರಲ್ಲಿ ಕ್ರಮವು ತಿರುಗಿ ಬರೆಹವೇ ಮುಂದಾಯಿತು. ಆದರೆ ಇಂಗ್ಲಿಷನ್ನು ಕಿವಿಯಿಂದ ಕಲಿತವನಿಗೂ ಕಣ್ಣಿನಿಂದ ಕಲಿತವನಿಗೂ ಇರುವ ಅಂತರವನ್ನು ಆ ಹಳೆಯ ಕ್ರಮವು ಚೆನ್ನಾಗಿ ಅರಿತಿತ್ತು. ಕನ್ನಡದಲ್ಲಿಯೇ ಇದಕ್ಕೆ ಸಾಕ್ಷಿಯುಂಟು. ‘ಡಾಕ್ಟರ್’ ಎಂಬ ಶಬ್ದದ ಕೊನೆಯಲ್ಲಿ ಇಂಗ್ಲಿಷ್ ಬರೆಹವು ಓಕಾರವನ್ನು ತೋರಿಸಿದರೂ ಕನ್ನಡಿಗರು ಕೇಳಿದಂತೆ ಅಕಾರವನ್ನೇ ನುಡಿದರು, ಅದು ಜೋನ್ಸರ ರೂಪಕ್ಕೆ ಹತ್ತಿರದಲ್ಲಿದೆ. ‘ವಿಲೇಜ್’, ‘ಕಾಲೇಜು’ಗಳಲ್ಲಿ ಮಾತ್ರ ಬರೆಹವು ಗೆದ್ದಂತೆ ಕಾಣುತ್ತದೆ, ಕೋಶವು ಕೊಡುವ ಕಿರಿದಾದ ಇಕಾರಕ್ಕೆ ಬದಲು ಅಲ್ಲಿ ಉದ್ದನೆಯ ಏಕಾರವು ಒತ್ತಿನೊಡನೆ ಕುಳಿತಿರುವುದು.