ಟೋನ್ ಎಷ್ಟು ತಿರುವಿದರೂ ಒಂದೇ ದನಿ

ಕೈಯಾರೆ ಕಟ್ಟಿದ ಗಿಟಾರ್ ಪೆಡಲ್‌ನಲ್ಲಿ ಮೊದಲು ಕೈಕೊಡುವುದು ಟೋನ್. ಎಲ್‌ಇಡಿ ಹೊತ್ತುತ್ತದೆ, ಡಿಸ್ಟಾರ್ಶನ್ ಭರ್ಜರಿಯಾಗಿ ಬರುತ್ತದೆ, ಟೋನ್ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ದಾವಣಗೆರೆಯ ಎಂಜಿನಿಯರಿಂಗ್ ಹುಡುಗರು, ಹರಿಹರದ ಆರ್ಕೆಸ್ಟ್ರಾದವರು ನನ್ನ ಮುಂದೆ ತಂದಿಡುವ ಡಬ್ಬಿಗಳಲ್ಲಿ ಹೆಚ್ಚಿನವು ಬಿಗ್ ಮಫ್ ನಕಲುಗಳು. ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್ 1969ರಲ್ಲಿ ಹೊರತಂದ ಪೆಡಲ್ ಅದು. ನಾಲ್ಕು ಟ್ರಾನ್ಸಿಸ್ಟರ್, 9 ವೋಲ್ಟ್ ಬ್ಯಾಟರಿ ಇದ್ದರೆ ಕೆಲಸ ನಡೆಯುತ್ತದೆ. ತಂದವರು ಅಷ್ಟರಲ್ಲೇ ಟೋನ್ ನಾಬ್‌ನ ಪಾಟ್ (ಪೊಟೆನ್ಶಿಯೋಮೀಟರ್) ಕಿತ್ತು ಹೊಸದು ಹಾಕಿರುತ್ತಾರೆ. ಪಾಟ್‌ನ ತಪ್ಪು ನಾನು ಕಂಡಿರುವುದು ಅಪರೂಪ.

ಟೋನ್ ಸರ್ಕ್ಯೂಟಿನೊಳಗೆ ನಡೆಯುವುದಿಷ್ಟು. ದನಿ ಎರಡು ದಾರಿ ಹಿಡಿಯುತ್ತದೆ. ಒಂದು ದಾರಿಯಲ್ಲಿ 39 ಕಿಲೋ ಓಮ್ ರೆಸಿಸ್ಟರ್, ಅದರಾಚೆ ಗ್ರೌಂಡಿಗೆ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್. ಸುಮಾರು 400 ಹರ್ಟ್ಜ್ ದಾಟಿದ್ದೆಲ್ಲ ಇಲ್ಲಿ ತಗ್ಗುತ್ತಾ ಹೋಗುತ್ತದೆ. ಇನ್ನೊಂದು ದಾರಿಯಲ್ಲಿ 0.0039ರ ಕೆಪಾಸಿಟರ್, ಗ್ರೌಂಡಿಗೆ 22 ಕಿಲೋ ಓಮ್; ಇಲ್ಲಿ ಸುಮಾರು 1,850 ಹರ್ಟ್ಜ್‌ಗಿಂತ ಕೆಳಗಿನದು ತಗ್ಗುತ್ತದೆ. ಮಾದರಿಯಿಂದ ಮಾದರಿಗೆ ಈ ಅಂಕಿಗಳು ತುಸು ಹೆಚ್ಚುಕಡಿಮೆ. ಈ ಎರಡರ ನಡುವೆ 100 ಕಿಲೋ ಓಮ್ ಪಾಟ್, ಅದರ ನಡುಗಾಲಿನಿಂದ ದನಿ ಮುಂದಕ್ಕೆ. ಈ ಟೋನ್ ಏನನ್ನೂ ಹೆಚ್ಚಿಸುವುದಿಲ್ಲ, ಕಳೆಯುತ್ತದೆ ಅಷ್ಟೆ.

ಹಾಗಾಗಿ ಮೀಟರ್‌ಗಿಂತ ಮೊದಲು ಕಿವಿಗೆ ಕೆಲಸ ಕೊಡಿ. ಬೋರ್ಡಿಗೆ ಬೆಸೆದಿರುವ ಪಾಟ್‌ಗೆ ಮೀಟರ್ ಹಚ್ಚಿದರೆ ಸುತ್ತಲಿನ ರೆಸಿಸ್ಟರ್‌ಗಳೂ ಲೆಕ್ಕಕ್ಕೆ ಸೇರಿ 100ಕ್ಕೆ ಬದಲು ಎಷ್ಟೋ ಕಡಿಮೆ ತೋರಿಸುತ್ತದೆ. ಒಳ್ಳೆಯ ಪಾಟ್ ಕಸದ ಬುಟ್ಟಿ ಸೇರುವುದು ಹೀಗೆಯೇ. ಒಂದು ವೈರಿನ ತುದಿಗೆ 104 ಎಂದು ಬರೆದ ಕೆಪಾಸಿಟರ್ ಬೆಸೆದು, ಇನ್ನೊಂದು ತುದಿಯನ್ನು ಆಂಪ್ಲಿಫೈಯರ್‌ಗೆ ಕೊಡಿ. ಪೆಡಲ್ ಮತ್ತು ಆಂಪ್ಲಿಫೈಯರ್ ಎರಡರ ಗ್ರೌಂಡೂ ಕೂಡಿರಲಿ, ವಾಲ್ಯೂಮ್ ಕಡಿಮೆ ಇರಲಿ. ಯಾರಾದರೂ ಒಂದೇ ತಂತಿ ಮೀಟುತ್ತಿರಲಿ. ಕೆಪಾಸಿಟರ್‌ನ ಬಿಡಿ ಕಾಲನ್ನು ಪಾಟ್‌ನ ಒಂದು ಪಕ್ಕದ ಕಾಲಿಗೆ ತಾಗಿಸಿ: ಮಂದವಾದ, ದಪ್ಪ ದನಿ ಬರಬೇಕು. ಇನ್ನೊಂದು ಪಕ್ಕಕ್ಕೆ: ಚುರುಕಾದ, ತೆಳು ದನಿ. ನಡುಗಾಲಿಗೆ ತಾಗಿಸಿ ನಾಬ್ ತಿರುವಿದರೆ ಒಂದರಿಂದ ಇನ್ನೊಂದಕ್ಕೆ ಜಾರಬೇಕು. ಪಕ್ಕದ ಕಾಲುಗಳೆರಡೂ ಸರಿಯಾಗಿದ್ದು ನಡುವಿನದು ಮಾತ್ರ ಬದಲಾಗದಿದ್ದರೆ, ಆಗ ಪಾಟ್ ಬದಲಿಸಿ.

ಎರಡು ಪಕ್ಕವೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸಿದರೆ ಸುತ್ತಲಿನ ಬೆಸುಗೆ ನೋಡಿ. 0.01ರ ಗ್ರೌಂಡ್ ಬೆಸುಗೆ ಬಿಟ್ಟಿದ್ದರೆ ಬಾಸ್ ಕಡೆ ದನಿ ಮಂದವಾಗುವುದೇ ಇಲ್ಲ. ಬಾಸ್ ಕಡೆ ತಿರುವಿದಾಗ ಕಂಬಳಿ ಹೊದಿಸಿದಂತಾಗಿ ದನಿಯೇ ಇಳಿದುಹೋದರೆ, 103 (0.01) ಇರಬೇಕಾದಲ್ಲಿ 104 (0.1) ಕೂತಿದೆ ಎಂದೇ ನನ್ನ ಮೊದಲ ಅನುಮಾನ. ಒಂದು ಅಂಕಿ ತಪ್ಪಿದರೆ ಬೆಲೆ ಹತ್ತು ಪಟ್ಟು. 400 ಹರ್ಟ್ಜ್‌ನ ಗಡಿ 40ಕ್ಕೆ ಇಳಿಯುತ್ತದೆ. ಗಿಟಾರ್‌ನ ಅತಿ ದಪ್ಪ ತಂತಿಯೇ 82 ಹರ್ಟ್ಜ್, ಹಾಗಾಗಿ ಹೆಚ್ಚೇನೂ ಉಳಿಯುವುದಿಲ್ಲ. ನಾಬ್ ಉಲ್ಟಾ ಕೆಲಸ ಮಾಡುತ್ತಿದ್ದರೆ ಪಕ್ಕದ ಕಾಲುಗಳ ವೈರ್ ಅದಲುಬದಲಾಗಿದೆ. ಬದಲಾವಣೆಯೆಲ್ಲ ಒಂದೇ ತುದಿಯಲ್ಲಿ ಗುಂಪುಗೂಡಿದ್ದರೆ ಲೀನಿಯರ್ ಪಾಟ್ (ಬಿ100ಕೆ) ಬದಲು ಲಾಗ್ ಪಾಟ್ (ಎ100ಕೆ) ಬಿದ್ದಿದೆ.

ಡಬ್ಬಿ ತೆರೆದಾಗ ಸರಿ, ಮುಚ್ಚಿದರೆ ದನಿ ಮಾಯ ಎಂಬ ದೂರೂ ಬರುತ್ತದೆ. ಪಾಟ್‌ನ ಕಾಲು ಲೋಹಕ್ಕೆ ತಾಗಿ ಗ್ರೌಂಡಾಗುತ್ತಿರುತ್ತದೆ. ಡಬ್ಬಿಯಲ್ಲಿ ಪಾಟ್ ಕೂರಿಸುವ ತೂತು ಓರೆಯಾಗಿ ಪಾಟ್ ವಾಲಿ ಕೂರುವುದೇ ಇದಕ್ಕೆ ಕಾರಣ. ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನು ದೇಶಕ್ಕೆಲ್ಲ ಕೊಟ್ಟ ಹರಿಹರದಲ್ಲಿ 7 ಮಿಲಿಮೀಟರ್ ತೂತನ್ನು ನೆಟ್ಟಗೆ ಕೊರೆದುಕೊಡುವವರಿಗೆ ಬರವಿಲ್ಲ; ಮನೆಯ ಡ್ರಿಲ್ಲಿನಲ್ಲಿ ಹೆಣಗುವ ಬದಲು ಅವರ ಹತ್ತಿರ ಹೋಗಿ.

ಎಲ್ಲ ಸರಿಯಿದ್ದೂ ಇನ್ನೊಂದು ದೂರು ಉಳಿಯುತ್ತದೆ: ‘ಅಣ್ಣಾ, ಮನೇಲಿ ಸೂಪರ್ ಇರ್ತದೆ, ಸ್ಟೇಜ್ ಮೇಲೆ ಕೇಳ್ಸಲ್ಲ.’ ಗಣಪತಿ ಪೆಂಡಾಲಿನಲ್ಲಿ ಕೀಬೋರ್ಡ್, ರಿದಂ ಪ್ಯಾಡ್, ಹಾಡುವವರ ನಡುವೆ ಈ ಗಿಟಾರ್ ಕರಗಿಹೋಗುತ್ತದೆ. ಇದು ಬೆಸುಗೆಯ ತಪ್ಪಲ್ಲ. 400ಕ್ಕೂ 1,850ಕ್ಕೂ ನಡುವೆ, ನಾಬ್ ಮಧ್ಯದಲ್ಲಿದ್ದಾಗ, 1,000 ಹರ್ಟ್ಜ್ ಆಸುಪಾಸು ದೊಡ್ಡ ಹಳ್ಳ ಬೀಳುತ್ತದೆ. ಒಂಟಿಯಾಗಿ ನುಡಿಸುವಾಗ ಆ ಹಳ್ಳವೇ ಸೊಗಸು. ನನಗೂ ಅದು ಇಷ್ಟ. ಆದರೆ ಗುಂಪಿನಲ್ಲಿ ಗಿಟಾರ್ ಎದ್ದು ಕೇಳುವುದೇ ಆ ಜಾಗದಲ್ಲಿ. ಆರ್ಕೆಸ್ಟ್ರಾಕ್ಕೆಂದು ಕಟ್ಟುವವರು ಆ ಹಳ್ಳ ತುಂಬಲೇಬೇಕು. ಏನನ್ನೂ ಕೀಳಬೇಕಿಲ್ಲ. ಇರುವ 0.0039ರ (392) ಬೆನ್ನಿಗೆ ಪ್ಯಾರಲಲ್ ಆಗಿ 682ರ (0.0068) ಕೆಪಾಸಿಟರ್ ಬೆಸೆಯಿರಿ. ಎರಡೂ ಸೇರಿ 0.0107 ಆಗುತ್ತದೆ, ಮೇಲಿನ ಗಡಿ ಸುಮಾರು 680 ಹರ್ಟ್ಜ್‌ಗೆ ಇಳಿದು ಹಳ್ಳ ಬಹುಪಾಲು ಮುಚ್ಚುತ್ತದೆ. ಈ ಹೊಸ ಕೆಪಾಸಿಟರ್‌ನ ಒಂದು ಕಾಲಿಗೆ ಚಿಕ್ಕ ಸ್ವಿಚ್ ಹಾಕಿಕೊಂಡರೆ ಮನೆಗೆ ಹಳೆಯ ದನಿ, ಸ್ಟೇಜಿಗೆ ಹೊಸದು.