ಹಾಲಿಗೆ ಸಿಕ್ಕ ದನಿ ತೊಗರಿಗೆ ಸಿಗಲಿಲ್ಲ

ಆರ್‌ಸಿಇಪಿ ವ್ಯಾಪಾರ ಕೂಟಕ್ಕೆ ಭಾರತ ಸೇರುವುದಿಲ್ಲವೆಂದು 2019ರ ನವೆಂಬರ್ 4ರಂದು ಪ್ರಧಾನಿ ಮೋದಿ ಬ್ಯಾಂಕಾಕ್‌ನಲ್ಲಿ ಹೇಳಿದಾಗ, ಅದನ್ನು ವಿರೋಧಿಸಿದ್ದ ರೈತ ಸಂಘಟನೆಗಳು ಗೆದ್ದೆವೆಂದು ಸಂಭ್ರಮಿಸಿದವು. ಸಂಭ್ರಮಕ್ಕೆ ಕಾರಣವಿತ್ತು. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಕರಡಿನ ವಿರುದ್ಧ ಬೀದಿಗಿಳಿದ ಕಾಲದಿಂದ ಕರ್ನಾಟಕದಲ್ಲಿ ಇಂಥ ಒಪ್ಪಂದಗಳ ಬಗ್ಗೆ ಎಚ್ಚರ ಬೆಳೆದುಬಂದಿದೆ. ಆದರೆ ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದ ತೊಗರಿ ಹೊಲದಿಂದ ನೋಡಿದರೆ ಅದು ಅರ್ಧ ಗೆಲುವು.

ಅಂದಿನ ವಾದವೆಲ್ಲ ಬಹುಪಾಲು ಹಾಲಿನ ಸುತ್ತ ನಡೆಯಿತು. ನ್ಯೂಜಿಲೆಂಡಿನ ಹಾಲಿನಪುಡಿ ಬಂದರೆ ನಂದಿನಿಯ ಗತಿಯೇನು ಎಂದು ಕೇಳಲು ಊರ ಡೇರಿಯಿಂದ ಕೆಎಂಎಫ್‌ವರೆಗೆ ಕಟ್ಟಿದ ವ್ಯವಸ್ಥೆ ಇತ್ತು. ತೊಗರಿಗೆ ಅಷ್ಟು ಗಟ್ಟಿಯಾದ ಸಂಘಟನೆಯಿಲ್ಲ. ರಾಶಿ ಮುಗಿದು ಚೀಲ ಅಡತಿ ಅಂಗಡಿ ಸೇರಿತೆಂದರೆ ರೈತನ ಮಾತೂ ಅಲ್ಲಿಗೆ ಮುಗಿಯಿತು.

ತೊಗರಿಯ ಬಾಗಿಲು ತೆರೆಯಲು ಯಾವ ಕೂಟವನ್ನೂ ಸೇರಬೇಕಾಗಲಿಲ್ಲ. 2021ರಲ್ಲಿ ಆಮದಿನ ಮಿತಿ ಹೋಯಿತು, 2023ರ ಮಾರ್ಚಿನಲ್ಲಿ ಶೇ 10ರ ಸುಂಕವೂ ಹೋಯಿತು. ಮೊಜಾಂಬಿಕ್, ಮಲಾವಿ, ಮ್ಯಾನ್ಮಾರ್ ಜೊತೆ ತೊಗರಿ ಆಮದಿಗೆ ತಿಳಿವಳಿಕೆ ಪತ್ರಗಳೂ ಆದವು. 2024-25ರಲ್ಲಿ ಸುಮಾರು 12 ಲಕ್ಷ ಟನ್ ತೊಗರಿ ಹೊರಗಿನಿಂದ ಬಂತು. ಸುಗ್ಗಿಯಲ್ಲಿ ಧಾರಣೆ ಬೆಂಬಲ ಬೆಲೆ 7,550 ರೂಪಾಯಿಗಿಂತ ಕೆಳಗಿಳಿದು, ರಾಜ್ಯ ಸರ್ಕಾರ ಕ್ವಿಂಟಲ್‌ಗೆ 450 ರೂಪಾಯಿ ಸೇರಿಸಬೇಕಾಯಿತು. ಕೂಟದ ಹೆಸರು ಕೇಳಿ ಸಿಡಿದೆದ್ದವರು ಸುಂಕದ ಅಧಿಸೂಚನೆಗೆ ಅಷ್ಟೇ ಜೋರಾಗಿ ದನಿ ಎತ್ತಲಿಲ್ಲ.

ಇನ್ನೊಂದು ಮಗ್ಗುಲೂ ಇದೆ. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಆಮದು ಬೇಕೆಂದವರೂ ನಮ್ಮವರೇ. ತೊಗರಿ ಮಾರುವ ಮನೆಯೇ ಮಲೇಷ್ಯಾ, ಇಂಡೋನೇಷ್ಯಾದ ತಾಳೆ ಎಣ್ಣೆ ಕೊಳ್ಳುತ್ತದೆ. ಆ ದೇಶಗಳಿರುವ ಆಸಿಯಾನ್ ಕೂಟದ ಜೊತೆಗಿನ ಸರಕು ಒಪ್ಪಂದ 2010ರಲ್ಲಿ ಜಾರಿಗೆ ಬಂದದ್ದು ಆ ಮನೆಗೆ ತಿಳಿದಿರಲಿಕ್ಕಿಲ್ಲ. ಹಾಗಾಗಿ ಜನಾಭಿಪ್ರಾಯವೆಂದರೆ ಒಂದೇ ಅಭಿಪ್ರಾಯವಲ್ಲ. ಮಾರುವಾಗ ಒಂದು, ಕೊಳ್ಳುವಾಗ ಇನ್ನೊಂದು.

ಯುರೋಪಿನಲ್ಲಿ ಒಪ್ಪಂದಗಳ ಬಗೆಗಿನ ಇಂಥ ಗೊಂದಲವನ್ನು ಮತಪೆಟ್ಟಿಗೆಯವರೆಗೆ ಒಯ್ದರು: 1992ರಲ್ಲಿ ಡೆನ್ಮಾರ್ಕ್ ಐರೋಪ್ಯ ಒಕ್ಕೂಟ ಕಟ್ಟುವ ಮಾಸ್ಟ್ರಿಕ್ಟ್ ಒಪ್ಪಂದ ಬೇಡವೆಂದಿತು, 2016ರಲ್ಲಿ ಬ್ರಿಟನ್ ಆ ಒಕ್ಕೂಟವೇ ಬೇಡವೆಂದಿತು. ಉತ್ತರ ಸರಿಯೋ ತಪ್ಪೋ, ಜನರನ್ನು ಕೇಳಿದ್ದಂತೂ ನಿಜ. ನಮ್ಮಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಒಪ್ಪಿಗೆಯೂ ಕಡ್ಡಾಯವಲ್ಲ. ಕೃಷಿ ರಾಜ್ಯಗಳ ವಿಷಯ, ಆಮದು ಕೇಂದ್ರದ ಕೈಯಲ್ಲಿ.

ರೈತ ಹೋರಾಟ ಇನ್ನು ಒಪ್ಪಂದಗಳ ಜೊತೆಗೆ ಅಧಿಸೂಚನೆಗಳನ್ನೂ ಓದಬೇಕು. ಬೇಡಿಕೆ ಎರಡೇ ಸಾಕು: ಆ ವರ್ಷದ ಆಮದು ನೀತಿ ಜೂನ್ ಬಿತ್ತನೆಗೆ ಮುಂಚೆ ಗೊತ್ತಾಗಲಿ, ಧಾರಣೆ ಬೆಂಬಲ ಬೆಲೆಗಿಂತ ಇಳಿದ ದಿನ ಸುಂಕ ತಾನಾಗಿ ಏರಲಿ.