ಬಲಗೈ ಹಿಡಿದ ಅರಸ, ಬಾಯಿ ಬಿಟ್ಟ ದಾಸಿ

ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ‘ಯಯಾತಿ’ ಪ್ರಕಟಿಸಿದಾಗ ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಹುಡುಗ. ಈ ನಾಟಕದ ಮಾತು ಬಂದಾಗಲೆಲ್ಲ ಅಪ್ಪ ಯಯಾತಿಯ ಮುಪ್ಪು ಹೊತ್ತ ಪುರುವಿನ ಸುತ್ತಲೇ ಚರ್ಚೆ ಗಿರಕಿ ಹೊಡೆಯುತ್ತದೆ. ನನಗೆ ಮಾತ್ರ ಓದಿದಾಗಲೆಲ್ಲ ಕಿವಿಯಲ್ಲಿ ಉಳಿಯುವುದು ದಾಸಿ ಶರ್ಮಿಷ್ಠೆಯ ದನಿ.

ಅವಳು ರಾಕ್ಷಸರ ಅರಸ ವೃಷಪರ್ವನ ಮಗಳು. ಗೆಳತಿ ದೇವಯಾನಿಯನ್ನು ಸಿಟ್ಟಿನಲ್ಲಿ ಬಾವಿಗೆ ದೂಡಿದ್ದಳು. ದೇವಯಾನಿಯ ತಂದೆ, ರಾಕ್ಷಸರ ಗುರು ಶುಕ್ರಾಚಾರ್ಯರು ಮುನಿದು ರಾಜ್ಯ ಬಿಟ್ಟು ಹೋಗಬಾರದೆಂದು ಅಪ್ಪ ಮಗಳನ್ನೇ ದಾಸಿಯಾಗಿ ಒಪ್ಪಿಸಿಬಿಟ್ಟ. ಬೈಬಲ್ಲಿನ ಎಸ್ತೇರಳದು ಇದರ ತಿರುವುಮುರುವು ಕತೆ. ಸೆರೆಯಾಗಿ ಹೋದ ಯೆಹೂದ್ಯರ ಕುಲದ ಆ ತಬ್ಬಲಿ ಹುಡುಗಿ ಪರ್ಷಿಯದ ಅರಮನೆ ಸೇರಿ ರಾಣಿಯಾಗುತ್ತಾಳೆ. ಸಾಕಿ ಬೆಳೆಸಿದ ಮೊರ್ದೆಕೈಯ ಮಾತಿನಂತೆ ತನ್ನ ಕುಲವನ್ನು ಬಚ್ಚಿಟ್ಟು, ಹೊತ್ತು ಬಂದಾಗ ಬಾಯಿ ಬಿಟ್ಟು ತನ್ನವರನ್ನು ಉಳಿಸುತ್ತಾಳೆ. ಶರ್ಮಿಷ್ಠೆಗೆ ಬಚ್ಚಿಡಲು ಏನೂ ಉಳಿದಿಲ್ಲ. ರಾಕ್ಷಸಿ ಎಂಬ ಹೀಯಾಳಿಕೆಯನ್ನೇ ಮಸೆದು ಆಯುಧ ಮಾಡಿಕೊಂಡಿದ್ದಾಳೆ. ಉಳಿಸಬೇಕಾದ ಜನ ಅವಳ ಹಿಂದಿಲ್ಲ. ಅವಳನ್ನು ಕೊಟ್ಟವರೇ ಅವರಲ್ಲವೆ?

ವಿಷ ಕುಡಿಯಲು ಹೊರಟ ಶರ್ಮಿಷ್ಠೆಯನ್ನು ದೇವಯಾನಿಯ ಗಂಡನಾದ ಅರಸ ಯಯಾತಿ ತಡೆಯುವ ದೃಶ್ಯ ನೋಡಿ. ಅವನು ಹಿಡಿಯುವುದು ಬಲಗೈಯನ್ನು. ಹಿಂದೆ ದೇವಯಾನಿಯನ್ನು ಬಾವಿಯಿಂದ ಎತ್ತಿದ್ದೂ ಬಲಗೈ ಹಿಡಿದೇ, ಅವಳ ಪಾಣಿಗ್ರಹಣಕ್ಕೂ ಅದೇ ಆಧಾರ. ಜೀವ ಉಳಿಸುವ ಕೈಯೇ ಹಕ್ಕು ಸಾಧಿಸುವ ಕೈ ಎಂಬುದನ್ನು ಕಾರ್ನಾಡರು ಭಾಷಣವಿಲ್ಲದೆ ತೋರಿಸುತ್ತಾರೆ. ಇಡೀ ನಾಟಕದಲ್ಲಿ ಇಷ್ಟು ಬಿಗಿಯಾದ ಜಾಗ ಇನ್ನೊಂದಿಲ್ಲ.

ಮಹಾಭಾರತದಲ್ಲಿ ಪುರು ಶರ್ಮಿಷ್ಠೆಯ ಕಿರಿಮಗ. ದೇವಯಾನಿಯ ಮಕ್ಕಳು ಯದು, ತುರ್ವಸು ಇದ್ದರೂ ಸಿಂಹಾಸನ ದಾಸಿಯ ಮಗನಿಗೇ ದಕ್ಕುತ್ತದೆ, ಕುರುವಂಶ ಅವನಿಂದಲೇ ಬೆಳೆಯುತ್ತದೆ. ಕಾರ್ನಾಡರು ಈ ಕರುಳಬಳ್ಳಿಯನ್ನು ಕತ್ತರಿಸಿದರು. ಅವರ ಪುರು ಬೇರೊಬ್ಬಳ ಮಗ. ಇದರಿಂದ ಲಾಭವೂ ಉಂಟು: ಶರ್ಮಿಷ್ಠೆ ತಾಯ್ತನದ ಆಸರೆಯಿಲ್ಲದೆ ತನ್ನ ಮಾತಿನ ಬಲದಿಂದಲೇ ನಿಲ್ಲುತ್ತಾಳೆ. 1959ರ ಖಾಂಡೇಕರರ ಮರಾಠಿ ಕಾದಂಬರಿ ‘ಯಯಾತಿ’ಯ ಸಾತ್ವಿಕ ಶರ್ಮಿಷ್ಠೆಯ ಪಕ್ಕದಲ್ಲಿಟ್ಟರೆ ಈಕೆ ಹಸಿಮೆಣಸಿನಕಾಯಿ. ಆದರೆ ಅರಮನೆಯ ಲೆಕ್ಕಾಚಾರವನ್ನೇ ದಾಸಿಯೊಬ್ಬಳು ತಲೆಕೆಳಗು ಮಾಡಿದ ಪುರಾಣದ ದೊಡ್ಡ ವ್ಯಂಗ್ಯ ಕೈಬಿಟ್ಟುಹೋಯಿತು. ನನ್ನ ತಕ್ಕಡಿಯಲ್ಲಿ ನಷ್ಟದ ತಟ್ಟೆಯೇ ಭಾರ.

ಯಯಾತಿಗೆ ಶುಕ್ರಾಚಾರ್ಯರಿಂದ ಮುಪ್ಪಿನ ಶಾಪ ಬಿದ್ದ ಮೇಲಂತೂ ನಾಟಕ ಶರ್ಮಿಷ್ಠೆಯ ಕೈತಪ್ಪುತ್ತದೆ. ಪುರುವಿನ ತ್ಯಾಗ, ಅವನ ಹೆಂಡತಿ ಚಿತ್ರಲೇಖೆಯ ಪ್ರತಿಭಟನೆ, ವಿಷ ಕುಡಿದು ಅವಳ ಸಾವು: ರಂಗದ ಬೆಳಕೆಲ್ಲ ಅತ್ತ. ಅಷ್ಟು ಹರಿತವಾಗಿ ಮಾತಾಡಿದ ಶರ್ಮಿಷ್ಠೆ ಈಗ ಶಾಪವನ್ನು ಒಪ್ಪಿಕೊಳ್ಳೆಂದು ಯಯಾತಿಗೆ ಬುದ್ಧಿ ಹೇಳುವ ಹಿರಿಯಳಾಗಿಬಿಡುತ್ತಾಳೆ. ಇನ್ನು ಸ್ವರ್ಣಲತೆ. ಅವಳೂ ಅಂತಃಪುರದ ಸೇವಕಿಯೇ, ಆದರೆ ಕಳೆದುಕೊಳ್ಳಲು ಯಾವ ರಾಜ್ಯವೂ ಇಲ್ಲದವಳು. ಶರ್ಮಿಷ್ಠೆಯ ದಾಸ್ಯ ಏನೇ ಆದರೂ ಅರಸುಮಗಳ ದಾಸ್ಯ ಎಂಬುದು ಇವಳ ಎದುರಲ್ಲಿ ತಟ್ಟನೆ ಹೊಳೆಯುತ್ತದೆ. ನಾಟಕ ಅಲ್ಲಿ ಇನ್ನಷ್ಟು ತಡೆದು ನಿಲ್ಲಬೇಕಿತ್ತು.

ಕೊನೆಗೆ ಯಯಾತಿ ತನ್ನ ಮುಪ್ಪನ್ನು ಮರಳಿ ಪಡೆದು ಕಾಡಿಗೆ ಹೊರಡುತ್ತಾನೆ. ಶರ್ಮಿಷ್ಠೆ ಅವನ ಜೊತೆಗೆ ನಡೆಯುತ್ತಾಳೆ. ದಾಸ್ಯದಿಂದ ಅವಳನ್ನು ಬಿಡಿಸಿದೆನೆಂದು ಆ ಹೊತ್ತಿನಲ್ಲೂ ಯಾರೂ ಹೇಳುವುದಿಲ್ಲ.